ಸಿಗಡಿ ಶೆಡ್‌ನಲ್ಲಿ 26 ದಿನ, ಸುಳ್ಳು ಹೇಳಿ ಬಂದ 640 ರೂಪಾಯಿ. ಎಂತ ಮಾಡುವುದು?

ತೆಂಕುಗಾಳಿ · ಸೋಮವಾರ ರಾತ್ರಿ 10.40

ನಾನು ಇಲ್ಲಿ ಓದಿ ಹೋಗುವವಳು, ಬರೆಯುವುದು ಕಮ್ಮಿ. ಉಡುಪಿಯವಳು. ಹತ್ತು ವರ್ಷದಿಂದ ಪತ್ರಿಕೆಗಳಿಗೆ ಬರೆಯುತ್ತಿದ್ದೇನೆ. ಈಗ ಸಂಬಳದ ಕೆಲಸ ಇಲ್ಲ, ಲೇಖನಕ್ಕೆ ಇಷ್ಟು ಅಂತ.

ಕಳೆದ ವರ್ಷ ಮಂಗಳೂರಿನ ಹತ್ತಿರದ ಒಂದು ಸಿಗಡಿ ಸುಲಿಯುವ ಶೆಡ್‌ಗೆ ಕೆಲಸಕ್ಕೆ ಸೇರಿದೆ. ವರದಿಗಾರ್ತಿ ಅಂತ ಹೇಳಲಿಲ್ಲ. ಹೊಸನಗರ ಕಡೆಯವಳು, ಗಂಡ ಬಿಟ್ಟು ಹೋಗಿದ್ದಾನೆ, ಕೆಲಸ ಬೇಕು ಎಂದೆ. ಜೂನ್, ಜುಲೈ ಎರಡು ತಿಂಗಳು ಟ್ರಾಲಿಂಗ್ ನಿಷೇಧ ಇರುತ್ತದಲ್ಲ, ಅದು ಮುಗಿದು ಬೋಟುಗಳು ಕಡಲಿಗೆ ಇಳಿದ ಮೇಲೆ ಶೆಡ್‌ಗಳಿಗೆ ಜನ ಬೇಕಾಗುತ್ತದೆ. ಆಗ ಯಾರೂ ಜಾಸ್ತಿ ಪ್ರಶ್ನೆ ಕೇಳುವುದಿಲ್ಲ. ನನ್ನ ಆಧಾರ್ ಕಾರ್ಡನ್ನೂ ಕೇಳಲಿಲ್ಲ.

ಸುಳ್ಳು ಹೇಳಿ ಯಾಕೆ ಹೋದೆ ಅಂದರೆ, 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ (ಎಸ್‌ಇಝಡ್) ಒಂದು ಮೀನು ಸಂಸ್ಕರಣಾ ಘಟಕದಲ್ಲಿ ಪಶ್ಚಿಮ ಬಂಗಾಳದ ಐದು ಮಂದಿ ಕಾರ್ಮಿಕರು ತೊಟ್ಟಿಯ ವಿಷಾನಿಲಕ್ಕೆ ಸತ್ತರು. ಆಗ ಉಳಿದವರ ಹಾಗೆ ನಾನೂ ಗೇಟಿನ ಹೊರಗೆ ನಿಂತು ಬರೆದವಳು. ಸತ್ತವರ ಹೆಸರು, ಊರು ಎಲ್ಲ ಸಿಕ್ಕಿತು. ಇಂಥ ಕಡೆ ಬದುಕಿರುವವರ ಒಂದು ದಿನ ಹೇಗಿರುತ್ತದೆ ಅಂತ ಕೇಳಿದರೆ ಹೇಳುವವರು ಯಾರೂ ಸಿಗಲಿಲ್ಲ. ಮಾತಾಡಿದರೆ ನಾಳೆ ಕೆಲಸ ಇಲ್ಲ.

ಸ್ಟೀಲಿನ ಉದ್ದ ಮೇಜು. ದಿನಕ್ಕೆ ಎಂಟು ತಾಸು ನಿಂತೇ ಕೆಲಸ. ಐಸಿನಲ್ಲಿ ಹುಗಿದ ಸಿಗಡಿ ಎತ್ತಿ ತಲೆ ಚಿವುಟಬೇಕು, ಸಿಪ್ಪೆ ಎಳೆಯಬೇಕು, ಬೆನ್ನಿನ ಕಪ್ಪು ನಾರು ತೆಗೆಯಬೇಕು. ತಲೆಯ ಮುಳ್ಳು ಸರಿಯಾಗಿ ಹೆಬ್ಬೆರಳಿನ ಉಗುರು ಸಂದಿಗೇ ಹೊಕ್ಕುತ್ತದೆ. ಮೂರನೇ ದಿನ ನನ್ನ ಬೆರಳ ತುದಿಯ ಚರ್ಮ ಬೇಯಿಸಿದ ಬಟಾಟೆಯ ಸಿಪ್ಪೆ ಹಾಗೆ ಎದ್ದು ಬಂತು. ಪಕ್ಕದಲ್ಲಿ ನಿಲ್ಲುತ್ತಿದ್ದ ಅಕ್ಕ ಕೊಪ್ಪಳ ಕಡೆಯವರು. ಹರಿದ ಗ್ಲೌಸೊಂದರ ಬೆರಳುಗಳನ್ನು ಮಾತ್ರ ಕತ್ತರಿಸಿ ನನ್ನ ಎರಡೂ ಹೆಬ್ಬೆರಳಿಗೆ ಟೋಪಿ ಹಾಕಿದ ಹಾಗೆ ಹಾಕಿದರು. "ಎಳೀಬ್ಯಾಡವ್ವಾ, ತಿರುವಿ ತಗಿ" ಅಂತ ಹೇಳಿಕೊಟ್ಟರು.

ಕೂಲಿ ಕಿಲೋ ಲೆಕ್ಕದಲ್ಲಿ. ತೂಕದವನು ಒಂದೊಂದು ಬೇಸಿನ್‌ಗೂ 'ನೀರಿನ ಲೆಕ್ಕ' ಅಂತ ಅರ್ಧ ಕಿಲೋ ಕಳೆಯುತ್ತಿದ್ದ. ನೀರು ಪೂರ್ತಿ ಸೋಸಿದ ಮೇಲೂ. ನನ್ನ ವರದಿಯ ಜೀವ ಅದೇ.

ಹದಿನೆಂಟನೇ ದಿನ ಟಿಪ್ಪಣಿಗಳನ್ನು ಸರಿಮಾಡಿಕೊಳ್ಳಲು, ಸಂಪಾದಕರ ಹತ್ತಿರ ಮಾತಾಡಲು ಎರಡು ದಿನ ರಜೆ ಬೇಕಿತ್ತು. ಅಮ್ಮನಿಗೆ ಹುಷಾರಿಲ್ಲ, ಊರಿಗೆ ಹೋಗಬೇಕು ಎಂದೆ. ಸಂಜೆ ಹೊರಡುವಾಗ ಅಕ್ಕ ಹಿಂದಿನಿಂದ ಓಡಿ ಬಂದು ನನ್ನ ಕೈಗೆ ಮಡಚಿದ ನೋಟು ತುರುಕಿದರು. ಮೇಜಿನ ಹೆಂಗಸರೆಲ್ಲ ಸೇರಿಸಿದ್ದು. ಹತ್ತರದ್ದು, ಇಪ್ಪತ್ತರದ್ದು, ಐವತ್ತರದ್ದು. ಎಲ್ಲ ಒದ್ದೆ, ಮೀನಿನ ವಾಸನೆ. 640 ರೂಪಾಯಿ. ಬೇಡ ಅಂದೆ, ಕೇಳಲಿಲ್ಲ. ತೀರಾ ಬೇಡ ಅಂದರೆ ಅನುಮಾನ ಬರಬಹುದು ಅಂತ ಇಟ್ಟುಕೊಂಡೆ. ಆ ಹೊತ್ತಿನಲ್ಲೂ ನನ್ನ ತಲೆಯಲ್ಲಿ ಓಡಿದ್ದು ಅದೇ, ಅನುಮಾನ ಬರಬಾರದು ಅಂತ.

ನನ್ನ ಅಮ್ಮ ಗಟ್ಟಿಮುಟ್ಟಾಗಿದ್ದಾರೆ. ನಾನು ಮನೆಗೆ ಹೋದಾಗ ಪತ್ರೊಡೆ ಮಾಡಿ ಕಾಯುತ್ತಿದ್ದರು.

ವರದಿ ಬಂತು. ತಪಾಸಣೆ ಆಯಿತು. ನೀರಿನ ಲೆಕ್ಕ ನಿಂತಿದೆ ಅಂತ ಕೇಳಿದೆ. ಅದರ ಜೊತೆಗೇ ಇನ್ನೊಂದು ಸುದ್ದಿ: ನನ್ನನ್ನು ಕರೆತಂದವರು ಯಾರು ಅಂತ ವಿಚಾರಣೆ ನಡೆದು, ಅಕ್ಕನನ್ನು ಹದಿನೈದು ದಿನ ಕೆಲಸಕ್ಕೆ ಕರೆಯಲಿಲ್ಲವಂತೆ. ನನ್ನನ್ನು ಕರೆತಂದವರು ಅವರಲ್ಲ. ಪಕ್ಕದಲ್ಲಿ ನಿಂತಿದ್ದರು, ಅಷ್ಟೇ.

ಆ ದುಡ್ಡು ಇನ್ನೂ ಒಂದು ಕವರಿನಲ್ಲಿ ಉಂಟು. ಹೋಗಿ ಎಲ್ಲ ಹೇಳಿ ಕೊಡಲಾ? ಯಾರ ಕೈಯಲ್ಲಾದರೂ ಕಳಿಸಲಾ? ಬೈಯುವವರು ಬೈಯಿರಿ, ತೊಂದರೆ ಇಲ್ಲ.

ಬಂದರುಬೀದಿ · ರಾತ್ರಿ 11.02

ಪೂರ್ತಿ ಓದಿದೆ. ಎಂತ ಹೇಳುವುದು ಗೊತ್ತಾಗುವುದಿಲ್ಲ ಮಾರಾಯ್ರೆ. ಫಾಲೋ ಮಾಡುತ್ತೇನೆ.

ದಕ್ಕೆಮಾತು · ರಾತ್ರಿ 11.31

ಬೈಯಿರಿ ಅಂದಿರಲ್ಲ, ನಾನೇ ಶುರು ಮಾಡುತ್ತೇನೆ. ನಾನು ಮಲ್ಪೆಯವನು. ಅಜ್ಜನ ಕಾಲದಿಂದ ಕಡಲಿನ ಕೆಲಸ.

2018ರ ಡಿಸೆಂಬರ್ 13ಕ್ಕೆ ಇಲ್ಲಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆಯಾಯಿತು. ಮುಂದಿನ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕಡಲಲ್ಲಿ ನೌಕಾಪಡೆಯವರಿಗೆ ಅದರ ಅವಶೇಷ ಸಿಕ್ಕಿತು. ನಡುವೆ ಸುಮಾರು ಐದು ತಿಂಗಳು. ಗಂಡ ಇದ್ದಾನಾ ಇಲ್ಲವಾ ಗೊತ್ತಿಲ್ಲದ ಹೆಂಗಸಿನ ಎದುರು ಮೈಕ್ ಹಿಡಿದು "ನಿಮಗೆ ಹೇಗೆ ಅನ್ನಿಸುತ್ತಿದೆ" ಅಂತ ಕೇಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರೆಲ್ಲ ಕುತ್ತಿಗೆಗೆ ಐಡಿ ಕಾರ್ಡು ಹಾಕಿಕೊಂಡೇ ಬಂದವರು. ಸುಳ್ಳು ಹೇಳಲಿಲ್ಲ. ಹಾಗಾಗಿ ಸುಳ್ಳು ಹೇಳದಿದ್ದರೆ ಎಲ್ಲ ಸರಿ ಅಂತ ನಾನು ಹೇಳುವುದಿಲ್ಲ.

ಆದರೆ ಆ ಮನೆಗೆ ಒಂದು ಬಾಗಿಲು ಇತ್ತು. ಒಂದು ದಿನ ಸಾಕಾಗಿ ಹಾಕಿಕೊಂಡರು. ಎಲ್ಲರೂ ವ್ಯಾನ್ ಹತ್ತಿ ಹೋದರು. ನಿಮ್ಮ ಅಕ್ಕನಿಗೆ ಯಾವ ಬಾಗಿಲು ಇತ್ತು ಹೇಳಿ? ನೀವು ಒಳಗೇ ಇದ್ದಿರಿ.

ಇನ್ನೊಂದು. ನನ್ನ ಅತ್ತೆ 22 ವರ್ಷ ಎಟ್ಟಿ, ಅಂದರೆ ಸಿಗಡಿ, ಸುಲಿದವರು. ಅವರ ಬೆರಳಿನ ಬಗ್ಗೆ ಯಾರೂ ಬರೆಯಲಿಲ್ಲ. ನೀವು 26 ದಿನ ಸುಲಿದದ್ದು ಸುದ್ದಿಯಾಯಿತು. ನೋವು ನಿಮ್ಮದಾದ ಮೇಲೆಯೇ ಪೇಪರಿನವರಿಗೆ ಅದು ನೋವು ಅಂತ ಕಾಣುವುದಾ?

ತೆಂಕುಗಾಳಿ · ರಾತ್ರಿ 11.50

ಬಾಗಿಲಿನ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ ಅಣ್ಣ. ಅತ್ತೆಯ ಮಾತು ಅರ್ಧ ಸರಿ. ಶೆಡ್‌ಗೆ ಹೋಗುವ ಮೊದಲು ನಾಲ್ಕು ಹೆಂಗಸರ ಹತ್ತಿರ ಹೊರಗೇ ಮಾತಾಡಿ ಒಂದು ಲೇಖನ ಕಳಿಸಿದ್ದೆ. "ಇದರಲ್ಲಿ ನೀವೆಲ್ಲಿದ್ದೀರಿ?" ಅಂತ ಸಂಪಾದಕರು ವಾಪಸು ಕಳಿಸಿದರು.

ಹಳೇಡೆಸ್ಕ್ · ಮಂಗಳವಾರ ಬೆಳಿಗ್ಗೆ 6.15

ಮೂವತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಸಾಹಸಕ್ಕೆ ಹೆಡ್‌ಲೈನ್ ಕೊಟ್ಟವನು ನಾನು. ಬೆಳಿಗ್ಗೆ ಎದ್ದು ಇದನ್ನು ಓದಿದ ಮೇಲೆ ಕಾಫಿ ತಣ್ಣಗಾಯಿತು.

ಮಗಳೇ, ನೀನು ಮಾಡಿದ್ದು ಹೊಸತಲ್ಲ. 1887ರಲ್ಲಿ ನ್ಯೂಯಾರ್ಕಿನ ಪತ್ರಕರ್ತೆ ನೆಲ್ಲಿ ಬ್ಲೈ ಹುಚ್ಚಿಯ ಹಾಗೆ ನಟಿಸಿ ಬ್ಲ್ಯಾಕ್‌ವೆಲ್ ದ್ವೀಪದ ಹುಚ್ಚಾಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಬಂದಳು. ಒಳಗೆ ಹೋದ ಮೇಲೆ ಮಾಮೂಲಾಗಿಯೇ ಇದ್ದಳು, ಆದರೂ ಡಾಕ್ಟರುಗಳಿಗೆ ಗೊತ್ತಾಗಲಿಲ್ಲ. ವರದಿ ದೊಡ್ಡ ಗದ್ದಲವಾಯಿತು, ಆಸ್ಪತ್ರೆಗಳಿಗೆ ಸರ್ಕಾರದ ಹಣ ಜಾಸ್ತಿಯಾಯಿತು. ಜರ್ನಲಿಸಂ ಕ್ಲಾಸಿನಲ್ಲಿ ಇಷ್ಟನ್ನು ಹೇಳಿ ಚಪ್ಪಾಳೆ ಹೊಡೆಸುತ್ತಾರೆ. ಅವಳು ಮತ್ತೆ ತನಿಖೆಯವರ ಜೊತೆ ಅಲ್ಲಿಗೆ ಹೋದಾಗ ಎಲ್ಲ ತೊಳೆದು ಒರೆಸಿ ಇಟ್ಟಿದ್ದರು. ಅವಳ ಜೊತೆಗಿದ್ದ ಕೆಲವು ಹೆಂಗಸರನ್ನು ಬೇರೆ ಕಡೆಗೆ ಸಾಗಿಸಿಯಾಗಿತ್ತು. ಆ ಭಾಗವನ್ನು ಹೇಳುವವರು ಕಮ್ಮಿ.

ನಮ್ಮಲ್ಲಿ 1981. ಇಂಡಿಯನ್ ಎಕ್ಸ್‌ಪ್ರೆಸ್‌ನ ಅಶ್ವಿನಿ ಸರೀನ್ ಒಬ್ಬ ಹೆಂಗಸನ್ನು 2,300 ರೂಪಾಯಿಗೆ ಕೊಂಡು ತಂದು, ನೋಡಿ, ಈ ದೇಶದಲ್ಲಿ ಹೆಂಗಸರ ಮಾರಾಟ ಹೀಗೆ ನಡೆಯುತ್ತದೆ ಅಂತ ಬರೆದರು. ದೇಶ ನಡುಗಿತು. ಆ ಹೆಂಗಸು? ಸುದ್ದಿ ಮುಂದಕ್ಕೆ ಹೋಯಿತು. ಅವಳು ಹಿಂದೆಯೇ ಉಳಿದಳು. ಆ ಘಟನೆಯ ಎಳೆ ಹಿಡಿದೇ ವಿಜಯ ತೆಂಡೂಲ್ಕರ್ 'ಕಮಲಾ' ನಾಟಕ ಬರೆದರು. ಅದರಲ್ಲಿ ಕೊಂಡು ತಂದವಳು ಪತ್ರಕರ್ತನ ಹೆಂಡತಿಯನ್ನು ಕೇಳುತ್ತಾಳೆ, ನಿಮ್ಮನ್ನು ಎಷ್ಟಕ್ಕೆ ಕೊಂಡದ್ದು ಅಂತ. ಪಾಪ, ಅವಳು ಕೇಳುವುದು ಕುಹಕದಿಂದಲ್ಲ. ನಿಜವಾಗಿಯೂ ಗೊತ್ತಿಲ್ಲದೆ.

2007ರದ್ದು ಇನ್ನೂ ಕೆಟ್ಟದ್ದು. ದೆಹಲಿಯ ಒಬ್ಬ ಶಾಲಾ ಶಿಕ್ಷಕಿಯ ಮೇಲೆ ಟಿವಿ ಚಾನೆಲೊಂದು ಸುಳ್ಳು ಸ್ಟಿಂಗ್ (ಗುಟ್ಟು ಕ್ಯಾಮೆರಾದ ಬಲೆ) ಮಾಡಿತು. ಜನ ಆಕೆಯನ್ನು ಬೀದಿಯಲ್ಲಿ ಎಳೆದಾಡಿದರು. ಆಮೇಲೆ ಎಲ್ಲ ಕಟ್ಟುಕತೆ ಅಂತ ಪೊಲೀಸರೇ ಹೇಳಿದರು. ಚಾನೆಲ್ ಒಂದು ತಿಂಗಳು ಬಂದ್ ಆಯಿತು. ಒಂದೇ ತಿಂಗಳು!

ನಾನು ಹುಡುಗರಿಗೆ ಮೂರು ಪ್ರಶ್ನೆ ಕೇಳುತ್ತಿದ್ದೆ. ಬೇರೆ ದಾರಿ ಇಲ್ಲವಾ? ಇದರಿಂದ ನಾಲ್ಕು ಜನರಿಗೆ ಉಪಯೋಗ ಉಂಟಾ? ಸುಳ್ಳು ಹೇಳಿದ್ದನ್ನು ಓದುಗನಿಗೆ ಹೇಳುತ್ತೀಯಾ? ನಿನ್ನ ಪೋಸ್ಟ್ ಓದಿದ ಮೇಲೆ ನಾಚಿಕೆಯಾಗುತ್ತಿದೆ. ಓದುಗನಿಗೆ ಹೇಳುತ್ತೀಯಾ ಅಂತ ಕೇಳಿದೆ. ಪಕ್ಕದಲ್ಲಿ ನಿಂತವಳಿಗೆ ಹೇಳುತ್ತೀಯಾ ಅಂತ ಒಂದು ದಿನವೂ ಕೇಳಲಿಲ್ಲ.

ಬಾವುಟಗುಡ್ಡೆ ವಕೀಲ · ಬೆಳಿಗ್ಗೆ 9.48

ಕಾನೂನಿನ ಮಾತು ಒಂದೇ ಸಾಲು. ಒಳ್ಳೆಯ ಉದ್ದೇಶದಿಂದ ಸ್ಟಿಂಗ್ ಮಾಡಿದೆ ಅಂದ ಮಾತ್ರಕ್ಕೆ ತಾನಾಗಿ ರಕ್ಷಣೆ ಸಿಗುವುದಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ರಜತ್ ಪ್ರಸಾದ್ ಕೇಸಿನಲ್ಲಿ. ಅಲ್ಲಿ ಲಂಚ ಕೊಟ್ಟ ವಿಚಾರ ಇತ್ತು, ನಿಮ್ಮದು ಅಂಥದ್ದಲ್ಲ. ಆದರೂ ಇಲ್ಲಿ ಶೆಡ್‌ನ ಗುರುತು ಸಿಗುವ ಹಾಗೆ ಇನ್ನು ಏನೂ ಬರೆಯಬೇಡಿ ಮೇಡಂ. 640 ರೂಪಾಯಿಗೆ ಹಳೆಯ ದಂಡ ಸಂಹಿತೆ ಐಪಿಸಿಯೂ ಇಲ್ಲ, ಹೊಸ ಬಿಎನ್‌ಎಸ್ಸೂ ಇಲ್ಲ. ಅದು ನಿಮ್ಮ ತಲೆಬಿಸಿ.

360ಹುಡುಗ · ಬೆಳಿಗ್ಗೆ 11.20

ಅಕ್ಕ, ನಾನು ಮಂಗಳೂರಿನಲ್ಲಿ ಮಾಸ್ ಕಮ್ಯುನಿಕೇಶನ್ ಓದುತ್ತಿದ್ದೇನೆ. ಈ ಎಲ್ಲ ಸುಳ್ಳು ಯಾಕೆ ಬೇಕು ಅಂತ ನನ್ನ ಪ್ರಶ್ನೆ. ಅನುಮತಿ ಕೇಳಿ, ಸುತ್ತಲಿನದ್ದೆಲ್ಲ ಹಿಡಿಯುವ ಒಂದು 360 ಡಿಗ್ರಿ ಕ್ಯಾಮೆರಾ ಮೇಜಿನ ಮೇಲೆ ಇಟ್ಟರೆ ಓದುಗನೇ ಒಳಗೆ ಹೋಗಿ ನಿಲ್ಲಬಹುದಲ್ವಾ? ಮಧ್ಯೆ ವೇಷ ಹಾಕುವವರು ಬೇಡ.

ನೋನಿ ಡೆ ಲಾ ಪೆನ್ಯಾ ಅಂತ ಅಮೆರಿಕದ ಪತ್ರಕರ್ತೆ ಇದನ್ನು ಶುರು ಮಾಡಿದವರಲ್ಲಿ ಒಬ್ಬರು. 2010ರಲ್ಲಿ ಬಾರ್ಸಿಲೋನಾದ ಮೆಲ್ ಸ್ಲೇಟರ್ ಮೊದಲಾದವರ ಜೊತೆ ಒಂದು ಪ್ರಬಂಧ ಬರೆದರು. ಕುರ್ಚಿಯಲ್ಲಿ ನೆಟ್ಟಗೆ ಕೂತವರ ಕಣ್ಣಿಗೆ ವಿಆರ್ ಹೆಡ್‌ಸೆಟ್ ಹಾಕಿ, ಸೆರೆಮನೆಯಲ್ಲಿ ಬಗ್ಗಿ ನಿಂತ ಕೈದಿಯ ಮೈಯೇ ತಮ್ಮದು ಅನ್ನುವ ಹಾಗೆ ತೋರಿಸಿದರು. ಕೂತವರಿಗೆ ತಾವೇ ಬಗ್ಗಿದ ಹಾಗೆ ಅನಿಸಿತಂತೆ! 2012ರಲ್ಲಿ ಸನ್‌ಡಾನ್ಸ್ ಸಿನಿಮಾ ಉತ್ಸವದಲ್ಲಿ ಅವರು ತೋರಿಸಿದ್ದು ಲಾಸ್ ಏಂಜಲೀಸ್‌ನ ಊಟದ ಕ್ಯೂನಲ್ಲಿ ಸಕ್ಕರೆ ಕಾಯಿಲೆಯವನೊಬ್ಬ ಕುಸಿದು ಬಿದ್ದ ನಿಜ ಘಟನೆ. ನೋಡುವವರು ನೆಲಕ್ಕೆ ಬಗ್ಗಿ ಅವನನ್ನು ಸಮಾಧಾನ ಮಾಡಲು ಹೋದರು. ಅಲ್ಲಿ ಯಾರೂ ಇಲ್ಲ, ಖಾಲಿ ನೆಲ. ಕೆಲವರು ಅತ್ತರು. 2015ರಲ್ಲಿ ನ್ಯೂಯಾರ್ಕ್ ಟೈಮ್ಸ್ ಹತ್ತು ಲಕ್ಷಕ್ಕೂ ಹೆಚ್ಚು ಓದುಗರ ಮನೆಗೆ ರಟ್ಟಿನ ಕನ್ನಡಕ ಕಳಿಸಿ ನಿರಾಶ್ರಿತ ಮಕ್ಕಳ ಕತೆ ತೋರಿಸಿತು.

ನನ್ನ ಪ್ರಾಜೆಕ್ಟಿಗೆ ಬಜ್ಪೆ ವಿಮಾನ ದುರಂತವನ್ನೇ ಹೀಗೆ ಮಾಡಬೇಕು ಅಂತ ಯೋಚನೆ ಉಂಟು. ಕೊನೆಯ ಎರಡು ನಿಮಿಷ, ಸೀಟಿನಲ್ಲಿ ಕೂತ ಹಾಗೆ.

ಕೆಂಜಾರು · ಮಧ್ಯಾಹ್ನ 1.05

2010ರ ಮೇ 22. 158 ಜನ. ನಮ್ಮ ಮನೆಯವರು ಒಬ್ಬರು.

ಆ ಎರಡು ನಿಮಿಷವನ್ನು ನನ್ನ ತಾಯಿ ದಿನಾ ನೋಡುತ್ತಾರೆ ತಮ್ಮ. ಅವರಿಗೆ ಹೆಡ್‌ಸೆಟ್ ಬೇಡ.

360ಹುಡುಗ · ಮಧ್ಯಾಹ್ನ 1.22

ಕ್ಷಮಿಸಿ. ಆ ಯೋಚನೆ ಬಿಟ್ಟೆ.

ಎಂಡ್‌ಪಾಯಿಂಟ್ ವಾಕರ್ · ಸಂಜೆ 5.30

ಮಣಿಪಾಲದಲ್ಲಿ ಕೌನ್ಸೆಲರ್ ಆಗಿದ್ದೇನೆ. 360ಹುಡುಗ, ಬೇಜಾರು ಮಾಡಬೇಡಿ, ನಿಮ್ಮ ಪ್ರಶ್ನೆ ಒಳ್ಳೆಯದೇ. ಹೆಡ್‌ಸೆಟ್‌ನಲ್ಲಿ ಮೈ ಮೋಸ ಹೋಗುವುದು ನಿಜ. ಮೋಸ ಹೋದ ಮೈ ಏನು ಕಲಿಯುತ್ತದೆ ಅನ್ನುವುದು ಬೇರೆ.

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸ್ವಲ್ಪ ಹೊತ್ತು ಕುರುಡರ ಹಾಗೆ ಓಡಾಡಿದವರ ಬಗ್ಗೆ 2015ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. ಬಟ್ಟೆ ಬಿಚ್ಚಿದ ಮೇಲೆ ಅವರಿಗೆ ಕುರುಡರ ಬಗ್ಗೆ ಗೌರವ ಜಾಸ್ತಿಯಾಗಬೇಕಿತ್ತು ಅಲ್ವಾ? ಉಲ್ಟಾ ಆಯಿತು. ಕುರುಡರಿಗೆ ಕೆಲಸ ಮಾಡಲು, ಒಬ್ಬರೇ ಬದುಕಲು ಕಷ್ಟ ಅಂತ ಉಳಿದವರಿಗಿಂತ ಹೆಚ್ಚಾಗಿ ಇವರೇ ಹೇಳಿದರು. 2017ರ ಇನ್ನೊಂದು ಅಧ್ಯಯನದಲ್ಲಿ ಗಾಲಿಕುರ್ಚಿ ಮೊದಲಾದ ಅನುಕರಣೆ ಮಾಡಿದವರಿಗೆ ತಮ್ಮ ಬಗ್ಗೆಯೇ ಹೆದರಿಕೆ, ಅಸಹಾಯಕತೆ ಹೆಚ್ಚಿತು. ಅಂಗವಿಕಲರ ಬಗ್ಗೆ ಇದ್ದ ಧೋರಣೆ ಸುಧಾರಿಸಲಿಲ್ಲ.

ಕಾರಣ ಸರಳ. ಬಟ್ಟೆ ಕಟ್ಟಿಕೊಂಡವನಿಗೆ ಸಿಗುವುದು ಕುರುಡನಾದ ಮೊದಲ ದಿನ. ಎಡವುವುದು, ಹೆದರುವುದು. ಇಪ್ಪತ್ತು ವರ್ಷದಿಂದ ಕಾಣದವರು ಸ್ಟೇಟ್‌ಬ್ಯಾಂಕ್ ಸ್ಟಾಪಿನಲ್ಲಿ ಬಸ್ಸಿನ ಸದ್ದಿನಿಂದಲೇ ಯಾವ ಬಸ್ಸು ಅಂತ ಹೇಳುತ್ತಾರೆ. ಅದು ಅವನಿಗೆ ಸಿಗುವುದಿಲ್ಲ.

ತೆಂಕುಗಾಳಿ ಅವರೇ, ನಿಮಗೂ ಇದೇ ಮಾತು, ಸ್ವಲ್ಪ ಕಹಿ. 26 ದಿನದಲ್ಲಿ ನಿಮಗೆ ಸಿಕ್ಕಿದ್ದು ಶೆಡ್‌ಗೆ ಹೊಸದಾಗಿ ಬಂದವಳ ನೋವು. ಅದು ಸುಳ್ಳಲ್ಲ. ಅಕ್ಕನ ನೋವು ಅದೇ ಅಂತ ಬರೆದಿದ್ದರೆ ಒಮ್ಮೆ ಮತ್ತೆ ಓದಿ ನೋಡಿ.

ಇನ್ನು ನಿಮ್ಮ ಮನಸ್ಸಿನ ವಿಷಯ. ಕೆನಡಾದ ಮನೋವೈದ್ಯ ಆಂಥನಿ ಫೈನ್‌ಸ್ಟೈನ್ ಪತ್ರಕರ್ತರ ಮನಸ್ಸಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಯುದ್ಧ ವರದಿಗಾರರಲ್ಲಿ ನೂರಕ್ಕೆ 28ಕ್ಕಿಂತ ಹೆಚ್ಚು ಮಂದಿಗೆ ಜೀವನದ ಯಾವುದೋ ಹಂತದಲ್ಲಿ ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಇತ್ತು ಅಂತ 2002ರಲ್ಲಿ ತೋರಿಸಿದರು. 2017ರಲ್ಲಿ ಹನ್ನಾ ಸ್ಟಾರ್ಮ್ ಜೊತೆ ಯುರೋಪಿನ ನಿರಾಶ್ರಿತರ ಸುದ್ದಿ ಮಾಡಿದವರನ್ನು ನೋಡಿದಾಗ ಎದ್ದು ಕಂಡದ್ದು ಆ ಕಾಯಿಲೆಯಲ್ಲ. ತಾನು ಸರಿ ಅಂತ ನಂಬಿದ್ದಕ್ಕೆ ತಾನೇ ತಪ್ಪಿ ನಡೆದೆ, ಅಥವಾ ಮಾಡಬೇಕಾದ್ದನ್ನು ಮಾಡಲಿಲ್ಲ ಅನ್ನುವ ಕೊರೆತ. ಇದಕ್ಕೆ ನೈತಿಕ ಗಾಯ ಅನ್ನುತ್ತಾರೆ. ವಿಯೆಟ್ನಾಂ ಯೋಧರಿಗೆ ಚಿಕಿತ್ಸೆ ಕೊಡುತ್ತಿದ್ದ ಜೊನಾಥನ್ ಶೇ ಬಳಕೆಗೆ ತಂದ ಮಾತು ಅದು. ಇದು ರೋಗ ಅಲ್ಲ, ಮಾತ್ರೆ ಇಲ್ಲ. ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ ಮಾತ್ರ ಯಾರನ್ನಾದರೂ ಕಾಣಿ, ಸುಮ್ನೆ ತಡ ಮಾಡಬೇಡಿ.

ಒಂದು ಎಚ್ಚರಿಕೆ. ಹೋಗಿ ಹೇಳುವುದು ಅಂದರೆ ನಿಮ್ಮ ಎದೆಯ ಭಾರ ಇಳಿಸಿ ಅವರ ತಲೆ ಮೇಲೆ ಇಡುವುದಾ ಅಂತ ನೋಡಿಕೊಳ್ಳಿ. ನೀವು ಅತ್ತರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಮತ್ತೊಮ್ಮೆ ಅವರಿಂದಲೇ ಪಡೆದ ಹಾಗಾಗುತ್ತದೆ.

ಬಂದರುಬೀದಿ · ಸಂಜೆ 5.44

ಆ ಕೊನೆಯ ಸಾಲು. ಅಬ್ಬ.

ಚೌಕಿಮೂಲೆ · ರಾತ್ರಿ 9.10

ನಾನು ಯಕ್ಷಗಾನ ಮೇಳದವನು. ತೆಂಕುತಿಟ್ಟು, ಬಣ್ಣದ ವೇಷ. ಪತ್ತನಾಜೆ (ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದ ಮೇಲೆ ಮಳೆಗಾಲಕ್ಕೆ ಮನೆಯಲ್ಲಿ ಕೂತಿರುವುದು, ಹಾಗಾಗಿ ಇಷ್ಟುದ್ದ ಓದಲು ಪುರುಸೊತ್ತು ಸಿಕ್ಕಿತು.

ಇಲ್ಲಿ ಒಂದು ಕಡೆ ವೇಷ ಅಂತ ಬರೆದಿದ್ದೀರಿ. ವೇಷದ ಬಗ್ಗೆ ನನಗೆ ಸ್ವಲ್ಪ ಗೊತ್ತು. ಬಣ್ಣದ ವೇಷಕ್ಕೆ ಮುಖದ ಮೇಲೆ ಚುಟ್ಟಿ ಇಡುತ್ತೇವೆ. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಒಂದೊಂದೇ ಮುಳ್ಳಿನ ಹಾಗೆ. ಕಮ್ಮಿ ಅಂದರೂ ಎರಡು ಮೂರು ತಾಸು ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗ) ಅಲ್ಲಾಡದೆ ಕೂರಬೇಕು. ಬೆಳಗಿನ ಜಾವ ಅದನ್ನು ಕೀಳುವಾಗ ಚರ್ಮ ಕಿತ್ತು ಬಂದ ಹಾಗಾಗುತ್ತದೆ. ಆಮೇಲೆ ತೆಂಗಿನೆಣ್ಣೆ ಹಚ್ಚಿ ತಿಕ್ಕುವುದು.

ರಂಗಸ್ಥಳದಲ್ಲಿ ನಾನು ರಕ್ಕಸ. ಎದುರು ಕೂತವರಿಗೂ ಗೊತ್ತು ಇದು ಆಟ ಅಂತ. ಅವರು ಹೆದರುತ್ತಾರೆ, ನಾನು ಹೆದರಿಸುತ್ತೇನೆ, ಇಬ್ಬರಿಗೂ ಲೆಕ್ಕ ಗೊತ್ತಿದೆ. ಚೆಂಡೆ ನಿಂತ ಮೇಲೆ ಅದೇ ಜನರ ಜೊತೆ ಚಾ ಕುಡಿಯುತ್ತೇನೆ. ನಿಮ್ಮ ಆಟದಲ್ಲಿ ಚೆಂಡೆಯೂ ಇಲ್ಲ, ಪರದೆಯೂ ಇಲ್ಲ. ನೀವು ವೇಷ ಅಂದುಕೊಂಡದ್ದು ಅವರಿಗೆ ಮನುಷ್ಯಳೇ. ಅವರು ದುಡ್ಡು ಕೊಟ್ಟದ್ದು ವೇಷಕ್ಕಲ್ಲ.

ಹೋಗಿ ಅಕ್ಕ. ಅಳುವುದಾದರೆ ಬಸ್ಸಿನಲ್ಲಿ ಅತ್ತು ಮುಗಿಸಿ.

ದಕ್ಕೆಮಾತು · ರಾತ್ರಿ 9.37

ಚೌಕಿಯವರು ಸರಿಯಾಗಿ ಹೇಳಿದರು. ನಾನು ನಿನ್ನೆ ಜೋರಾಗಿ ಮಾತಾಡಿದೆ. ಇವತ್ತು ಅತ್ತೆಯನ್ನು ಕೇಳಿದೆ, ಹೀಗೊಬ್ಬಳು ಸುಳ್ಳು ಹೇಳಿ ಸುಲಿಯಲು ಬಂದಿದ್ದಳಂತೆ ಅಂತ. ಅವರು ಮೊದಲು ಕೇಳಿದ್ದು, "ದಿನಕ್ಕೆ ಎಷ್ಟು ಕಿಲೋ ಸುಲಿದಳು?"

ತೆಂಕುಗಾಳಿ · ರಾತ್ರಿ 9.50

ಕೊನೆಯ ವಾರ ಹನ್ನೊಂದು.

ದಕ್ಕೆಮಾತು · ರಾತ್ರಿ 10.15

ಅತ್ತೆ ನಗುತ್ತಿದ್ದಾರೆ.

ಹಳೇಡೆಸ್ಕ್ · ಬುಧವಾರ ಬೆಳಿಗ್ಗೆ 6.40

ಇನ್ನೊಂದು ದಾರಿಯೂ ಉಂಟು ಅಂತ ಹೇಳಿ ಸುಮ್ಮನಾಗುತ್ತೇನೆ. ಪಿ. ಸಾಯಿನಾಥ್ 1990ರ ದಶಕದಲ್ಲಿ ಬಡ ಜಿಲ್ಲೆಗಳಿಗೆ ಹೋದಾಗ ವೇಷ ಹಾಕಲಿಲ್ಲ. ಪತ್ರಕರ್ತ ಅಂತ ಹೇಳಿಯೇ ಹೋದರು. ಬಸ್ಸು, ರೈಲು, ಕಾಲ್ನಡಿಗೆ. ಸಾವಿರಾರು ಕಿಲೋಮೀಟರ್ ನಡೆದದ್ದೇ ಆಯಿತು. ಜನ ಕೆಲಸ ಮಾಡುವಾಗ ಅವರ ಜೊತೆಗೇ ಇದ್ದು ಬರೆದರು. ಜನರ ಬದುಕಿನೊಳಗೆ ಮುಳುಗಲು ಸುಳ್ಳೇ ಬೇಕು ಅಂತಿಲ್ಲ. ಸಮಯ ಬೇಕು. ಅದನ್ನು ಯಾವ ಪೇಪರಿನವನೂ ಕೊಡುವುದಿಲ್ಲ, ನಾನೂ ಕೊಟ್ಟವನಲ್ಲ. ಒಳಗಿನ ತಕ್ಕಡಿಯ ಮೋಸವನ್ನು ಹಾಗೆ ಹೊರಗಿನಿಂದ ಹಿಡಿಯಲು ಆಗುತ್ತಿತ್ತಾ ಅಂತ ಕೇಳಿದರೆ, ಬಹುಶಃ ಇಲ್ಲ. ನನಗೆ ಇದರಲ್ಲಿ ಎರಡು ಮನಸ್ಸು.

360ಹುಡುಗ · ಬುಧವಾರ ಸಂಜೆ 4.00

ಎಂಡ್‌ಪಾಯಿಂಟ್ ಮೇಡಂ ಹೇಳಿದ 'ಮೊದಲ ದಿನ' ತಲೆಯಿಂದ ಹೋಗುತ್ತಿಲ್ಲ. ಪ್ರಾಜೆಕ್ಟ್ ಬದಲಾಯಿಸಿದೆ. ಕ್ಯಾಮೆರಾ ಎಲ್ಲಿ ಇಡಬೇಕು ಅಂತ ನಾನು ಹೇಳುವುದಲ್ಲ, ಕೆಲಸ ಮಾಡುವವರೇ ಹೇಳಬೇಕು. ಒಬ್ಬರು ದೋಸೆ ಕಾವಲಿ ಅಣ್ಣನನ್ನು ಕೇಳಿದೆ. "ಇಲ್ಲಿ ಇಡು" ಅಂತ ಕಾವಲಿಯ ಹತ್ತಿರ ತೋರಿಸುತ್ತಾರೆ ಅಂದುಕೊಂಡಿದ್ದೆ. ಅವರು ತೋರಿಸಿದ್ದು ಹಿಂದಿನ ಪಾತ್ರೆ ತೊಳೆಯುವ ಜಾಗ. "ನಾನು ಶುರು ಮಾಡಿದ್ದು ಅಲ್ಲಿ, ಈಗ ಅಲ್ಲಿರುವ ಹುಡುಗನ ಮುಖ ಮಾತ್ರ ಬರಬಾರದು" ಎಂದರು.

ಬಂದರುಬೀದಿ · ಮುಂದಿನ ವಾರ, ಶುಕ್ರವಾರ

ತೆಂಕುಗಾಳಿ ಅಕ್ಕ, ಹೋದಿರಾ?

ತೆಂಕುಗಾಳಿ · ಭಾನುವಾರ ರಾತ್ರಿ 11.15

ಹೋಗಿ ಬಂದೆ. ಶೆಡ್ ಹತ್ತಿರ ಹೋಗಲಿಲ್ಲ, ಅವರ ರೂಮಿಗೆ. ಉದ್ದಕ್ಕೆ ಎಂಟು ಬಾಗಿಲಿನ ಲೈನ್ ಮನೆ. ಮೊದಲೇ ಫೋನ್ ಮಾಡಿಸಿ ಕೇಳಿದ್ದೆ. ಭಾನುವಾರ ಹನ್ನೊಂದಕ್ಕೆ ಬಾ, ನಾನಿರ್ತೀನಿ ಅಂದಿದ್ದರು.

ಹೇಳಲು ಏನೂ ಇರಲಿಲ್ಲ. ಅವರಿಗೆ ಎಲ್ಲ ಗೊತ್ತಿತ್ತು. ಸೂಪರ್‌ವೈಸರ್ ಮೊಬೈಲಿನಲ್ಲಿ ನನ್ನ ವರದಿ ತೋರಿಸಿಯೇ ಬೈದಿದ್ದನಂತೆ. ಬೈದದ್ದು ಕೇಳಿದೆ, ಏನು ಬರೆದಿದ್ದೆ ಅಂತ ಗೊತ್ತಿಲ್ಲ, ಓದು ಎಂದರು. ಹೊಸ್ತಿಲ ಹತ್ತಿರ ಕೂತು ಓದಿದೆ. ಅವರು ಅಕ್ಕಿ ಆರಿಸುತ್ತಿದ್ದರು.

'ಬೆರಳಿನ ಉರಿಗೆ ಈ ಹೆಂಗಸರು ರಾತ್ರಿ ನಿದ್ದೆ ಮಾಡುವುದಿಲ್ಲ' ಅನ್ನುವ ಸಾಲಿಗೆ ಬಂದಾಗ ಕೈ ನಿಲ್ಲಿಸಿದರು.

"ಯಾರು ನಿದ್ದಿ ಮಾಡಂಗಿಲ್ಲ? ನೀ ಮಾಡಂಗಿಲ್ಲ. ನಮಗ ಬಳ್ಳು ಉರದು ಯಾವ ಕಾಲ ಆತು."

ಮತ್ತೆ ನಿದ್ದೆ ಕೆಡುವುದು ಯಾವುದಕ್ಕೆ ಅಂತ ಕೇಳಿದೆ. ಲೋಡು ಬಂದರೆ ಬೆಳಗಿನ ಮೂರಕ್ಕೋ ನಾಲ್ಕಕ್ಕೋ ಗಾಡಿ ಬಂದು ಹಾರ್ನ್ ಹೊಡೆಯುತ್ತದೆ. ಯಾವ ದಿನ ಅಂತ ಮೊದಲೇ ಹೇಳುವುದಿಲ್ಲ. ಏಳದಿದ್ದರೆ ಪಕ್ಕದ ಬಾಗಿಲಿನವಳನ್ನು ಹತ್ತಿಸಿಕೊಂಡು ಹೋಗುತ್ತಾರೆ. ಆರು ವರ್ಷದ ಮಗ ಒಬ್ಬನೇ ಬಾಗಿಲು ಹಾಕಿಕೊಂಡು ಮಲಗಬೇಕು. ಹಾರ್ನ್ ಬರುತ್ತದೋ ಇಲ್ಲವೋ ಅಂತ ಕಿವಿ ತೆರೆದೇ ಇರುವುದು, ಬಾರದ ದಿನವೂ. ನನಗೆ ಇದು ಗೊತ್ತೇ ಆಗಲಿಲ್ಲ. ನಾನು ಇದ್ದದ್ದು ಎರಡು ಕಿಲೋಮೀಟರ್ ಆಚೆ ಬಾಡಿಗೆ ರೂಮಿನಲ್ಲಿ. ಹೊಸಬಳು ಅಂತ ಹಗಲು ಪಾಳಿ ಮಾತ್ರ. ನನ್ನ ಬೆರಳು ಉರಿಯಿತು, ಹಾಗಾಗಿ ಬೆರಳಿನ ಬಗ್ಗೆ ಒಂದೂವರೆ ಪ್ಯಾರಾ ಬರೆದೆ. ಎಂಡ್‌ಪಾಯಿಂಟ್ ಮೇಡಂ, ನೀವು ಹೇಳಿದ್ದು ಸರಿ.

ಹದಿನೈದು ದಿನದ ಕೂಲಿ ನಾನು ಕೊಡುತ್ತೇನೆ ಎಂದೆ. ಸಿಟ್ಟು ಬಂತು ಅವರಿಗೆ. ಅದು ನಿನ್ನ ರೊಕ್ಕ ಅಲ್ಲ, ಅವರ ಕಡಿಂದ ಬರಬೇಕು, ಬರಿಯಾಕ ಬರ್ತದಲ್ಲ ನಿನಗ, ಅರ್ಜಿ ಬರಿ ಎಂದರು. ಬರೆದೆ. ಕಾರ್ಮಿಕ ಇಲಾಖೆಗೆ. ಮಗನ ಕಾಪಿ ಪುಸ್ತಕದ ಹಾಳೆಯಲ್ಲಿ. ಬರೆದುಕೊಟ್ಟವರು ಅಂತ ಕೆಳಗೆ ನನ್ನ ನಿಜವಾದ ಹೆಸರು ಹಾಕಿದೆ. ಅವರು ಅದನ್ನು ಒಂದು ಸಲ ಬಾಯಿಬಿಟ್ಟು ಓದಿಕೊಂಡರು, ಹೆಸರನ್ನು ಮಾತ್ರ.

ಚೌಕಿಯವರೇ, ಅಳಲಿಲ್ಲ. ಬಸ್ಸಿನಲ್ಲಿ ಮುಗಿದಿತ್ತು.

ಕೊನೆಗೆ ಕವರ್ ಕೊಟ್ಟೆ. ಬೇಡ ಅನ್ನಬಹುದು ಅಂದುಕೊಂಡಿದ್ದೆ. ತೆಗೆದುಕೊಂಡು ಅಲ್ಲೇ ಎಣಿಸಿದರು. ಮತ್ತೆ ಎಣಿಸಿದರು.

"ಇಪ್ಪತ್ತು ಕಮ್ಮಿ ಐತಿ."

640 ಅಲ್ಲ, 660 ಕೊಟ್ಟದ್ದಂತೆ. ಯಾರು ಯಾರು ಎಷ್ಟು ಹಾಕಿದ್ದರು ಅಂತ ಹೆಸರು ಹೆಸರು ಹೇಳಿ ಬೆರಳು ಮಡಚಿದರು. ಸರಿ ಇತ್ತು. ಆವತ್ತು ನಾನು ಬಸ್ಸಿನಲ್ಲಿ ಕೂತು ಎಣಿಸುವ ಮೊದಲು ಟಿಕೆಟಿಗೆ ಅದರಿಂದಲೇ ಒಂದು ನೋಟು ತೆಗೆದಿದ್ದೆ ಅಂತ ಈಗ ನೆನಪಾಗುತ್ತಿದೆ. ಪರ್ಸಿನಿಂದ ಇಪ್ಪತ್ತು ತೆಗೆದುಕೊಟ್ಟೆ.

ಮಾಡರೇಟರ್ ಗಮನಕ್ಕೆ: ಈ ಥ್ರೆಡ್‌ನ ಶೀರ್ಷಿಕೆಯಲ್ಲಿ 640 ಅಂತ ಇದೆ. ನನಗೆ ಈಗ ತಿದ್ದಲು ಆಗುತ್ತಿಲ್ಲ. ದಯವಿಟ್ಟು 660 ಮಾಡಿ.